ಕಮಲಾಪುರದ ಮಣ್ಣು, ಶಹಾಬಜಾರದ ಸೆಗಣಿ

ಈ ಜಗತ್ತಿನಲ್ಲಿ ಯಾರೂ ತನ್ನದೆಂದು ಹೇಳಿಕೊಳ್ಳದ ಆಸ್ತಿ ಒಂದಿದ್ದರೆ ಅದು ದುರ್ವಾಸನೆ. ಹೊಲ, ಮನೆ, ಬಾವಿ, ಎರಡು ಹಿತ್ತಿಲುಗಳ ನಡುವಿನ ಬೇವಿನ ಮರ, ಕಡೆಗೆ ಆ ಮರದ ನೆರಳು ಕೂಡ ತಮ್ಮದೆಂದು ವಾದಿಸಲು ಜನ ನನ್ನ ಹತ್ತಿರ ಬಂದಿದ್ದಾರೆ. ‘ಆ ನಾತ ನಂದು, ಅದನ್ನು ನನಗೆ ಕೊಡಿಸಿರಿ’ ಎಂದು ಮಾತ್ರ ಒಬ್ಬನೂ ಬರಲಿಲ್ಲ. ನಾನು ವಕೀಲ. ಅದು ನಿಜಾಮ ಸರ್ಕಾರದ ಕಾಲ. ಹಗಲು ಕಲಬುರಗಿಯ ಕಚೇರಿಯಲ್ಲಿ ಉರ್ದುವಿನಲ್ಲಿ ವಾದಿಸುವುದು, ಸಂಜೆ ಶಹಾಬಜಾರದ ಮನೆಗೆ ಬಂದು ಕನ್ನಡದಲ್ಲಿ ಸೋಲುವುದು, ಇದು ನನ್ನ ದಿನಚರಿಯಾಗಿತ್ತು. ಹಾಗೆ ಸೋತ ವ್ಯಾಜ್ಯಗಳಲ್ಲೆಲ್ಲ ದೊಡ್ಡದು ಸೆಗಣಿಯದು. ಅದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಹೇಳಲು ಹೋದರೆ ಕೇಳುವವರು ಮೊದಲೇ ಮೂಗಿಗೆ ಕೈ ಹಚ್ಚುತ್ತಾರೆ.

ನನ್ನ ಹೆಂಡತಿ ನೀಲಮ್ಮ ಕಮಲಾಪುರದವಳು. ಅಲ್ಲಿ ಅವಳ ತಂದೆ ಸಿದ್ರಾಮಪ್ಪನವರಿಗೆ ಕೆಂಪು ಬಾಳೆಯ ತೋಟವಿತ್ತು. ಮದುವೆಯಾಗಿ ಪಟ್ಟಣಕ್ಕೆ ಬಂದ ಹೊಸದರಲ್ಲಿ ಅವಳು ಹಾಲಿನವನ ಚೆಂಬಿನೊಳಗೆ ಇಣುಕಿ ನೋಡಿ, “ಇದ್ರಾಗ ನನ್ನ ಮಾರಿ ಕಾಣ್ಲಾಕತ್ತದಲ್ರೀ” ಎಂದಳು. ಆ ತಿಂಗಳೇ ಹಿತ್ತಿಲಿಗೆ ಒಂದು ಎಮ್ಮೆ ಬಂತು. ಅಲ್ಲಿಗೆ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮುಂದಿನ ವರ್ಷ ಅವಳು ಸಂತೆಯಲ್ಲಿ ಎಲುಬು ಕಾಣುವ ಎತ್ತುಗಳನ್ನು ಕೊಂಡು, ಕಟ್ಟಿ ಮೇಯಿಸಿ, ಮೈ ತುಂಬಿದ ಮೇಲೆ ಬಿತ್ತನೆಯ ಹೊತ್ತಿಗೆ ರೈತರಿಗೆ ಮಾರುವ ವ್ಯವಹಾರ ಶುರುಮಾಡಿದಳು. ಅವು ಹೊರಗೆ ಹೋಗುತ್ತಿರಲಿಲ್ಲ. ಸಾಲಾಗಿ ನಿಂತು ಹಗಲೆಲ್ಲ ಹಿಂಡಿ ತಿನ್ನುವುದು, ರಾತ್ರಿಯೆಲ್ಲ ಹೆಂಡಿ ಹಾಕುವುದು, ಇದೇ ಅವುಗಳ ಉದ್ಯೋಗ. ಅವಳ ಎತ್ತುಗಳು ನನ್ನ ಕಕ್ಷಿದಾರರಿಗಿಂತ ಬೇಗ ದಪ್ಪಗಾಗುತ್ತಿದ್ದವು. ನಾನು ಹೆಮ್ಮೆಯಿಂದ ನೋಡುತ್ತಿದ್ದೆ, ದೂರದಿಂದ.

ಮೇವು ಒಳ್ಳೆಯದಾದಷ್ಟೂ ನಾತ ಜೋರಾಗುತ್ತದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಬೇಸಿಗೆಯಲ್ಲಿ ಹೇಗೋ ನಡೆಯಿತು. ಮಳೆ ಹಿಡಿದ ಮೇಲೆ ಹಿತ್ತಿಲಿನ ಎರೆಮಣ್ಣು ಸೆಗಣಿ ಗಂಜಲಗಳ ಜೊತೆ ಕಲೆತು ಗಂಜಿಯ ಹಾಗಾಯಿತು. ಅದು ನಿಧಾನವಾಗಿ ಹರಿದು ಗೋಡೆಯ ಬುಡದ ಕಿಂಡಿಯಿಂದ ಆಚೆ ಮನೆಯ ಅಂಗಳಕ್ಕೆ ಇಳಿಯಿತು. ಆಚೆ ಮನೆಯಲ್ಲಿದ್ದವರು ಯೂಸುಫ್ ಸಾಹೇಬರು. ರೋಜಾ ಎಂಬ ಓಣಿಯಲ್ಲಿ, ದರ್ಗಾದ ದಾರಿಯ ಮೇಲೆ, ಅವರದು ಅತ್ತರಿನ ಅಂಗಡಿ. ಅತ್ತರನ್ನು ಮನೆಯ ಅಂಗಳದಲ್ಲೇ ಭಟ್ಟಿ ಹಚ್ಚಿ ಇಳಿಸುತ್ತಿದ್ದರು. ಅದೂ ಸಾಲದೆಂಬಂತೆ, ನಾವು ಬಾಡಿಗೆಗಿದ್ದ ಮನೆಯೂ ಅವರದೇ. ನನ್ನ ಹಣೆಬರಹ ನೋಡಿ: ಇಡೀ ಊರಿನಲ್ಲಿ ಮೂಗಿನಿಂದಲೇ ಹೊಟ್ಟೆ ಹೊರೆಯುವ ಮನುಷ್ಯ ಒಬ್ಬನಿದ್ದರೆ ಅವನೇ ನನ್ನ ನೆರೆಯವ, ಅವನೇ ನನ್ನ ಮಾಲೀಕ.

ಯೂಸುಫ್ ಸಾಹೇಬರು ಸಭ್ಯರು. ಒಂದು ಸಂಜೆ ಬಂದು, ಕೊಟ್ಟ ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು ಹೇಳಿದರು: “ವಕೀಲ್ ಸಾಬ್, ಅಂಗಡ್ಯಾಗ ಕುಂತು ಗುಲಾಬಿ ಮೂಸಿದ್ರೂ ನನಗ ನಿಮ್ಮ ಎತ್ತ ನೆನಪಾಗ್ಲಾಕತ್ತಾವ.”

“ಮಳಿ ನಿಂತ ಮ್ಯಾಲ ಸರಿ ಆಗ್ತದ, ಸಾಹೇಬ್ರ” ಎಂದೆ.

“ಉರುಸು ಮಳಿ ನಿಲ್ಲೂ ತನಕ ಕಾಯೂದಿಲ್ರಿ. ಆ ಜಾತ್ರಿ ಜನರಿಂದಾನೇ ನನ್ನ ವರ್ಷದ ಊಟ. ಉರುಸಿನ ಒಳಗ ಈ ನಾತ ಹೋಗಬೇಕು. ಅದು ಹೋಗಲಿಲ್ಲಂದ್ರ, ಮಾಫ್ ಮಾಡ್ರಿ, ನೀವು ಹೋಗಬೇಕು.”

ಬಾಗಿಲ ಮರೆಯಲ್ಲಿ ನಿಂತಿದ್ದ ನೀಲಮ್ಮ ಇದನ್ನೆಲ್ಲ ಕೇಳಿಸಿಕೊಂಡಳು. ಅವರು ಹೋದ ಮೇಲೆ ಒಂದೇ ಮಾತು ಹೇಳಿದಳು: “ಎತ್ತ ಬಿಟ್ಟು ನಾ ಇರೂದಿಲ್ಲ. ಈ ಮನಿ ಬಿಡಬೇಕಾದ್ರ ಅವನ್ನ ಹೊಡ್ಕೊಂಡು ಕಮಲಾಪುರಕ್ಕ ಹೋಗ್ತೀನಿ. ನೀವು ಬೇಕಾದ್ರ ಹಿಂದ ಬರ್ರಿ.” ಮೆರವಣಿಗೆಯಲ್ಲಿ ನನ್ನ ಸ್ಥಾನ ಎತ್ತುಗಳ ಹಿಂದೆ ಎಂಬುದು ಅಂದು ಸ್ಪಷ್ಟವಾಯಿತು.

ನಾನು ಯೋಚಿಸಿದೆ. ಪ್ಲೇಗಿನ ಕಾಲದಲ್ಲಿ ಗಲ್ಲಿಗಳಿಗೆಲ್ಲ ಸುಣ್ಣ ಎರಚುತ್ತಿದ್ದುದು ನೆನಪಾಯಿತು. ನಮ್ಮ ಸೀಮೆಯಲ್ಲಿ ಸುಣ್ಣದ ಕಲ್ಲಿಗೇನು ಬರವೇ? ಒಂದು ಗಾಡಿ ಸುಣ್ಣ ತರಿಸಿ, ಕೋಟು ಕಳಚಿ, ನಾನೇ ಬುಟ್ಟಿ ಹಿಡಿದು ಹಿತ್ತಿಲ ತುಂಬ ಎರಚಿದೆ. ನೋಡಲು ಬಹಳ ಚೆನ್ನಾಗಿತ್ತು, ಹಾಲು ಚೆಲ್ಲಿದ ಹಾಗೆ. ಸ್ವಲ್ಪ ಹೊತ್ತಿಗೆ ಆ ಬಿಳುಪಿನೊಳಗಿಂದ ಒಂದು ಖಾರದ ಗಾಳಿ ಎದ್ದಿತು. ಸುಣ್ಣವು ನಾತವನ್ನು ಕೊಲ್ಲುವ ಬದಲು, ಗಂಜಲದೊಳಗೆ ಮಲಗಿದ್ದ ಘಾಟನ್ನೆಲ್ಲ ಎಬ್ಬಿಸಿ ಹೊರಗೆ ಕಳಿಸಿತ್ತು. ಎತ್ತುಗಳ ಕಣ್ಣಲ್ಲಿ ನೀರು, ನನ್ನ ಕಣ್ಣಲ್ಲಿ ನೀರು. ಅದೇ ಹೊತ್ತಿಗೆ ಜಾಗದ ತಕರಾರು ಹೇಳಿಕೊಳ್ಳಲು ಬಂದ ಕಕ್ಷಿದಾರನೊಬ್ಬ ಬಾಯಿ ತೆರೆಯುವ ಮೊದಲೇ ಅಳಲು ಶುರುಮಾಡಿದ. ಅವನಿಗೆ ಎಂಥ ಅನ್ಯಾಯವಾಗಿದೆಯೋ ಎಂದು ನಾನೂ ಅತ್ತೆ. ನೀಲಮ್ಮ ಎತ್ತುಗಳ ಹಗ್ಗ ಬಿಚ್ಚಿ ಒಂದೊಂದಾಗಿ ಗಲ್ಲಿಗೆ ಹೊಡೆದಳು. ಶಹಾಬಜಾರದ ಆ ಸಣ್ಣ ಗಲ್ಲಿ ಈ ತುದಿಯಿಂದ ಆ ತುದಿಯವರೆಗೆ ಎತ್ತುಗಳಿಂದ ತುಂಬಿಹೋಯಿತು. ಅವುಗಳ ನಡುವೆ ದಾರಿ ಮಾಡಿಕೊಂಡು, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಯೂಸುಫ್ ಸಾಹೇಬರು ಬಂದರು.

“ಯಾ ಅಲ್ಲಾ! ಮೂಗಿನ ತ್ರಾಸ ಕಡಿಮಿ ಮಾಡ್ರಿ ಅಂದ್ರ ಕಣ್ಣಿಗೂ ಹಚ್ಚಿದಿರಲ್ರಿ, ವಕೀಲ್ ಸಾಬ್!”

ಸಿಟ್ಟಿಗೆದ್ದ ಸಾಹೇಬರು ಅಂದಿನಿಂದ ಒಂದು ಕೆಲಸ ಮಾಡತೊಡಗಿದರು. ಭಟ್ಟಿಯಲ್ಲಿ ಉಳಿದ ಇದ್ದಿಲಿನ ಪುಡಿಯನ್ನು ಮೊದಲು ಬೀದಿಯ ಕೊನೆಗೆ ಹಾಕಿಸುತ್ತಿದ್ದವರು, ಈಗ ಬುಟ್ಟಿಯಲ್ಲಿ ತುಂಬಿ ಗೋಡೆಯ ಮೇಲಿನಿಂದ ನಮ್ಮ ಹಿತ್ತಿಲಿಗೇ ಸುರಿಯತೊಡಗಿದರು. ನೀಲಮ್ಮನಿಗೆ ಕೋಪ ಬಂತು. ನನಗೆ ಮಾತ್ರ ವಿಚಿತ್ರವೆನಿಸಿತು. ಸುಣ್ಣದ ಘಾಟು ಇಳಿದ ಮೇಲೆ ಹಿತ್ತಿಲೆಲ್ಲ ಮತ್ತೆ ಹಳೆಯ ನಾತವೇ ಹರಡಿದ್ದರೂ, ಆ ಇದ್ದಿಲು ಬಿದ್ದ ಗೋಡೆಯ ಬುಡದಲ್ಲಿ ಅದು ಅಷ್ಟಿರಲಿಲ್ಲ. ಆಗಲೇ ಇನ್ನೊಂದು ನೆನಪಾಯಿತು. ಕಮಲಾಪುರಕ್ಕೆ ಹೋದಾಗ ನನಗೆ ಹಾಸಿಗೆ ಹಾಸುತ್ತಿದ್ದುದು ದನದ ಕೊಟ್ಟಿಗೆಗೆ ಹತ್ತಿದ ಪಡಸಾಲೆಯಲ್ಲಿ. ಆದರೂ ನಿದ್ದೆಗೆ ಎಂದೂ ಭಂಗವಾಗಿರಲಿಲ್ಲ. ಅಲ್ಲಿಯ ನೆಲ ಒಣ ಕೆಂಪು ಮಣ್ಣು, ಗಂಜಲ ಬಿದ್ದ ಗಳಿಗೆಗೇ ಹೀರಿಬಿಡುತ್ತಿತ್ತು. ಮಣ್ಣೂ ಇದ್ದಿಲೂ ಸೇರಿದರೆ? ನನ್ನ ಇಡೀ ಆಯುಷ್ಯದಲ್ಲಿ ಸ್ವಂತವಾಗಿ ಹೊಳೆದ ವಿಚಾರ ಇದೊಂದೇ. ಆದ್ದರಿಂದ ಇದನ್ನು ಸ್ವಲ್ಪ ಒತ್ತಿ ಹೇಳುತ್ತಿದ್ದೇನೆ.

ಮಾವನವರ ಬಾಳೆಹಣ್ಣಿನ ಗಾಡಿ ಆಗಾಗ ಪಟ್ಟಣದ ಪೇಟೆಗೆ ಬರುತ್ತಿತ್ತು. ಅದರಲ್ಲಿ ಮಣ್ಣು ತರಬೇಕೆಂದು ಕೇಳಿದಾಗ ಅವರು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

“ಮಣ್ಣ? ಕಲಬುರಗ್ಯಾಗ ಮಣ್ಣ ಇಲ್ಲೇನ್ರಿ ವಕೀಲರ? ಗಾಡ್ಯಾಗ ಮಣ್ಣ ತುಂಬ್ಕೊಂಡು ಪ್ಯಾಟಿಗೆ ಹೊಂಟ್ರ ಊರ ಮಂದಿ ನಗ್ತಾರ.”

“ತರಪ್ಪಾ, ನನ್ನ ಸಲುವಾಗಿ ತಾ” ಎಂದಳು ನೀಲಮ್ಮ. ಅವಳಿಗೆ ನನ್ನ ವಿಚಾರದ ಮೇಲೇನೂ ನಂಬಿಕೆಯಿರಲಿಲ್ಲ. ತವರಿನ ಮಣ್ಣು ಬರುತ್ತದಲ್ಲ ಎಂದಷ್ಟೇ ಅವಳ ಆಸೆ.

ಮಗಳ ಮಾತು ಮೀರಲಾರದೆ ಮಾವನವರು ಮಣ್ಣು ತುಂಬಿದರು. ಮೇಲೆ ಬಾಳೆಲೆ ಮುಚ್ಚಿ, ಎದುರಾದವರಿಗೆಲ್ಲ ಹಣ್ಣೆಂದು ಹೇಳುತ್ತ ಬಂದರು. ಊರ ಬಾಗಿಲ ಸುಂಕದ ನಾಕಾದಲ್ಲಿ ಸಿಪಾಯಿ ಎಲೆ ಸರಿಸಿ ನೋಡಿದ. ಕೆಳಗೆ ಮಣ್ಣು. ಮಣ್ಣಿಗೆ ಸುಂಕ ಇರಲಿಲ್ಲ. ಆದ್ದರಿಂದಲೇ ಅವನಿಗೆ ಅನುಮಾನ ಬಂತು: ಸುಂಕವಿಲ್ಲದ ವಸ್ತುವನ್ನು ಯಾರಾದರೂ ಮುಚ್ಚಿ ತರುತ್ತಾರೆಯೇ? ಕೋಲಿನಿಂದ ಕೆದಕಿ, ಬಗೆದು, ಕೊನೆಗೆ ನನ್ನನ್ನು ಕರೆಸಿದ. ಇದು ಎತ್ತುಗಳ ಕಾಲ ಕೆಳಗೆ ಹಾಸಲು ಎಂದು ನಾನು ಅಪ್ಪಟ ಉರ್ದುವಿನಲ್ಲಿ ವಿವರಿಸಿದೆ. ಅವನು ಮಾವನವರ ಕಡೆ ತಿರುಗಿ, “ಇವರು ಯಾವಾಗಿಂದ ಹಿಂಗ?” ಎಂದು ಮೆಲ್ಲಗೆ ಕೇಳಿ ಗಾಡಿ ಬಿಟ್ಟ.

ಹಸಿಯನ್ನೆಲ್ಲ ಬಳಿದು, ಕೆಂಪು ಮಣ್ಣು ದಪ್ಪಗೆ ಹಾಸಿ, ಮೇಲೆ ಸಾಹೇಬರ ಇದ್ದಿಲ ಪುಡಿ ಉದುರಿಸಿದೆವು. ನೆನೆದಾಗ ಕೆದರಿ, ಮತ್ತೆ ಒಣ ಮಣ್ಣು. ಹೀಗೇ ಮಾಡುತ್ತ ಹೋದೆವು. ಉರುಸು ಹತ್ತಿರ ಬಂದಾಗ ಯೂಸುಫ್ ಸಾಹೇಬರು ಪರೀಕ್ಷೆಗೆ ಬಂದರು. ಹಿತ್ತಿಲ ನಡುವೆ ನಿಂತು, ಕಣ್ಣು ಮುಚ್ಚಿ, ಮೂಗನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿದರು.

“ಏನೂ ಬರವಲ್ದು” ಎಂದರು, ಸ್ವಲ್ಪ ನಿರಾಶೆಯಿಂದಲೇ. ಬೈಯಲು ಸಿದ್ಧಮಾಡಿಕೊಂಡು ಬಂದ ಮಾತುಗಳೆಲ್ಲ ವ್ಯರ್ಥವಾದವಲ್ಲ! ಆ ವರ್ಷ ಅವರ ಅತ್ತರು ಚೆನ್ನಾಗಿ ಖರ್ಚಾಯಿತು. ಮನೆ ಉಳಿಯಿತು. ಎತ್ತುಗಳೂ ಉಳಿದವು. ಅವುಗಳ ಜೊತೆ ನಾನೂ ಉಳಿದೆ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಬಳಿದು ಗುಡ್ಡೆ ಹಾಕಿದ ಆ ಮಣ್ಣು ಚಳಿಗಾಲ ಕಳೆಯುವ ಹೊತ್ತಿಗೆ ಕಪ್ಪಗೆ, ಮುಟ್ಟಿದರೆ ಉದುರುವ ಹಾಗೆ, ಮೊದಲ ಮಳೆಯ ನೆಲದ ವಾಸನೆ ಬರುವ ಗೊಬ್ಬರವಾಯಿತು. ಗಾಳಿಗೆ ಹಾರಿ, ನೀರಿಗೆ ಹರಿದು ಹೋಗುತ್ತಿದ್ದ ಸತ್ವವೆಲ್ಲ ಅದರಲ್ಲೇ ಕೂತಿತ್ತು. ಹೇಗೂ ಗಾಡಿ ಖಾಲಿ ಹೋಗುತ್ತದೆಂದು ಮಾವನವರು ನಾಲ್ಕು ಬುಟ್ಟಿ ಒಯ್ದು ಬಾಳೆಯ ಬುಡಕ್ಕೆ ಹಾಕಿದರು. ಗಿಡ ಗೊನೆಯ ಭಾರಕ್ಕೆ ಬಾಗಿತಂತೆ. ಇತ್ತ ಸಾಹೇಬರು ಒಂದು ಹಿಡಿ ತಮ್ಮ ಗುಲಾಬಿ ಕುಂಡಕ್ಕೆ ಹಾಕಿ, ಬಂದ ಹೂವನ್ನು ಗಲ್ಲಿಯವರಿಗೆಲ್ಲ ತೋರಿಸಿದರು. ನಾತ ಹೋಗಿ ಮಾಲು ಉಳಿಯಿತು. ಉಳಿದದ್ದೇ ತಡ, ಅದಕ್ಕೆ ಮಾಲೀಕರು ಹುಟ್ಟಿಕೊಂಡರು.

ಪಂಚಮಿ ಹಬ್ಬಕ್ಕೆ ಮಗಳನ್ನು ಕರೆದೊಯ್ಯಲು ಮಾವನವರು ಗಾಡಿ ಹೂಡಿಕೊಂಡು ಬಂದ ದಿನವೇ ಜಗಳವಾಯಿತು. ನೀಲಮ್ಮ ಸೀರೆಗಳ ಗಂಟು ಕಟ್ಟಿ, ಹೊಸ ಬಳೆ ತೊಟ್ಟು ತಯಾರಾಗಿದ್ದಳು. ಮಾವನವರು ಮೊದಲು ಗೊಬ್ಬರ ತುಂಬಿಬಿಡೋಣವೆಂದು ಹಿತ್ತಿಲಿಗೆ ಹೋದರೆ, ಅಲ್ಲಿ ಯೂಸುಫ್ ಸಾಹೇಬರು ಬುಟ್ಟಿ ಹಿಡಿದು ನಿಂತಿದ್ದರು.

“ಇದು ನನ್ನ ಮಣ್ಣರಿ ಸಾಹೇಬ್ರ. ಕಮಲಾಪುರದಿಂದ ಹೊತ್ತು ತಂದೀನಿ” ಎಂದರು ಮಾವನವರು.

“ಇದ್ದಿಲು ಯಾರದು ಮತ್ತ? ಜಾಗ ಯಾರದು? ಒಂದು ಮಳಿಗಾಲ ಪೂರಾ ಮೂಸಿದಾಂವ ಯಾರು?”

“ಎತ್ತ ನನ್ನವು” ಎಂದಳು ನೀಲಮ್ಮ ನಡುವೆ ಬಂದು. “ಬುಟ್ಟಿ ಕೆಳಗಿಡ್ರಿ ಇಬ್ಬರೂ.”

ಮಾವನವರಿಗೆ ಬೇರೆಯವರ ಮುಂದೆ ಮಗಳು ಹಾಗೆಂದದ್ದು ನೆಟ್ಟಗೆ ತಾಗಿತು. “ಮಗಳನ್ನ ಕೊಟ್ಟೀನಿ, ಖರೆ. ಮಣ್ಣ ಕೊಟ್ಟಿಲ್ಲ. ಅದು ನಂದು” ಎಂದುಬಿಟ್ಟರು.

ನೀಲಮ್ಮ ಸರಕ್ಕನೆ ತಿರುಗಿದಳು. ಒಳಗೆ ಹೋಗಿ ಕಟ್ಟಿದ ಗಂಟು ಬಿಚ್ಚಿ, ಸೀರೆಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕತೊಡಗಿದಳು. ಬಳೆಯ ಸದ್ದು ಹಿತ್ತಿಲಿಗೆ ಕೇಳಿಸುತ್ತಿತ್ತು. ಮಾವನವರ ಮುಖ ಸಣ್ಣದಾಯಿತು. ಸಾಹೇಬರು ತಮ್ಮ ಬುಟ್ಟಿಯ ಹೆಣಿಗೆಯನ್ನು ಪರೀಕ್ಷಿಸತೊಡಗಿದರು. ವಕೀಲನಾದವನು ಮಧ್ಯೆ ಬರಬೇಕಾದ ಗಳಿಗೆ ಇದೇ ಎಂದು ನಾನು ಗಂಟಲು ಸರಿಮಾಡಿಕೊಂಡೆ. ಮಣ್ಣಿನ ಹಕ್ಕು, ಇದ್ದಿಲಿನ ಹಕ್ಕು, ಸೆಗಣಿಯ ಹಕ್ಕು ಎಂದು ವಿಂಗಡಿಸಿ, ಮೂಲ ವಿಚಾರ ನನ್ನದಾದ್ದರಿಂದ ನನಗೂ ಒಂದು ಸಣ್ಣ ಪಾಲು ಬರುತ್ತದೆಂದು ತೀರ್ಪು ಮುಗಿಸಿದೆ.

“ವಿಚಾರ ಬುಟ್ಯಾಗ ತುಂಬಲಾಕ ಬರ್ತದೇನ್ರಿ ವಕೀಲರ?” ಎಂದರು ಮಾವನವರು. ಸಾಹೇಬರು ನಕ್ಕುಬಿಟ್ಟರು. ಇಬ್ಬರು ಎದುರಾಳಿಗಳನ್ನು ನಾನು ಒಂದು ಮಾಡಿದ್ದು ಅದೇ ಮೊದಲು.

ಅಷ್ಟರಲ್ಲಿ ನೀಲಮ್ಮ ಹೊರಬಂದಳು. ಕಣ್ಣು ಕೆಂಪಾಗಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು. “ಹೋದ ವರ್ಷ ನಾತ ಇದ್ದಾಗ ಇದು ಯಾರದಿತ್ತು? ಸಾಹೇಬ್ರು ‘ನಿಮ್ಮ ನಾತ’ ಅಂದ್ರು. ಅಪ್ಪ ಮಂದಿ ನಗ್ತಾರಂದ. ಇವರು ದೂರ ನಿಂತ್ರು. ಆವಾಗ ನನ್ನ ಒಬ್ಬಾಕೀದಿತ್ತು. ಈಗ ಎಲ್ಲಾರದೂ ಆಗ್ಯದ.”

ಎತ್ತೊಂದು ಬಾಲ ಬೀಸಿತು. ಮಾವನವರು ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ತಪ್ಪಾತವ್ವ ಮಗಳ. ನಿನ್ನ ಕರೀಲಾಕ ಬಂದೀನಿ. ಗೊಬ್ಬರ ಒಯ್ದು ನಿನ್ನ ಇಲ್ಲೇ ಬಿಟ್ಟು ಹೋದ್ರ ನಿಮ್ಮವ್ವ ನನ್ನ ಒಳಗ ಬಿಡ್ತಾಳೇನು? ಗಂಟ ಕಟ್ಟು.”

ಅವಳು ತಕ್ಷಣ ಒಪ್ಪಲಿಲ್ಲ. ಷರತ್ತು ಹಾಕಿದಳು: ಗೊಬ್ಬರ ಯಾರಿಗೆ ಬೇಕೋ ಅವರು ಕೂಲಿಯವರನ್ನು ಕಳಿಸದೆ, ತಾವೇ ಬಂದು, ತಮ್ಮ ಕೈಯಾರೆ ಹಿತ್ತಿಲು ಬಳಿದು, ಹೊಸ ಮಣ್ಣು ಹಾಸಿ ಒಯ್ಯಬೇಕು. ಮಾವನವರು ಧೋತರ ಮೇಲೆ ಕಟ್ಟಿದರು. ಬಿಳಿ ಅಂಗಿಯ ಯೂಸುಫ್ ಸಾಹೇಬರು ಒಂದು ಕ್ಷಣ ಆಕಾಶ ನೋಡಿ, ತೋಳು ಮಡಚಿ ಸಲಿಕೆ ಹಿಡಿದರು. ಸಂಜೆಯ ಹೊತ್ತಿಗೆ ಇಬ್ಬರೂ ಗುಡ್ಡೆಯ ಮೇಲೆ ಕೂತು ಒಂದೇ ಬಾಳೆಹಣ್ಣನ್ನು ಮುರಿದು ತಿನ್ನುತ್ತ ಗುಲಾಬಿಗೆ ಎಷ್ಟು, ಬಾಳೆಗೆ ಎಷ್ಟು ಎಂದು ಚರ್ಚಿಸುತ್ತಿದ್ದರು. ನೀಲಮ್ಮ ಪಂಚಮಿಗೆ ಹೋದಳು. ಎತ್ತುಗಳನ್ನು ನನಗೆ ಒಪ್ಪಿಸಿ ಹೋದಳು, ಅಥವಾ ನನ್ನನ್ನು ಎತ್ತುಗಳಿಗೆ ಒಪ್ಪಿಸಿದಳು.

ನನಗೇನು ಸಿಕ್ಕಿತು ಎಂದು ನೀವು ಕೇಳಬಹುದು. ಕೀರ್ತಿ ಸಿಕ್ಕಿತು. ಆ ಹಬ್ಬ ಕಳೆದ ಮೇಲೆ ಒಂದು ದಿನ ಕಚೇರಿಯಲ್ಲಿ ಮುನ್ಸೀಫ್ ಸಾಹೇಬರು ನನ್ನನ್ನು ಖಾಸಾ ಕೋಣೆಗೆ ಕರೆಸಿದರು. ಅಲ್ಲಿಗೆ ಹಿರಿಯ ವಕೀಲರಿಗಷ್ಟೇ ಪ್ರವೇಶ. ನಾನು ಶೇರವಾನಿಯ ಗುಂಡಿಗಳನ್ನೆಲ್ಲ ಹಾಕಿಕೊಂಡು ಒಳಗೆ ಹೋದೆ. ಅವರು ಬಾಗಿಲು ಮುಚ್ಚಿಸಿ, ದನಿ ತಗ್ಗಿಸಿ ಕೇಳಿದರು: “ವಕೀಲ್ ಸಾಹೇಬ್, ನಮ್ಮ ಕುದುರೆ ಲಾಯದ ವಾಸನೆಗೆ ಏನು ಮಾಡಬೇಕು?” ನಾನು ಮಣ್ಣಿನ ಬಣ್ಣದಿಂದ ಹಿಡಿದು ಇದ್ದಿಲಿನ ಪುಡಿಯವರೆಗೆ, ಸುಣ್ಣದ ಅಪಾಯವನ್ನೂ ಸೇರಿಸಿ, ಎಲ್ಲವನ್ನೂ ವಿಸ್ತಾರವಾಗಿ ನಿವೇದಿಸಿದೆ. ಅವರು ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ, ಗಡಿಯಾರ ನೋಡಲಿಲ್ಲ, ಎರಡು ಸಲ “ವಾಹ್” ಎಂದರು. ನನ್ನ ವಾದವನ್ನು ಒಬ್ಬ ನ್ಯಾಯಾಧೀಶರು ಕೊನೆಯವರೆಗೆ ಕೇಳಿದ್ದು ಅದೊಂದೇ ಸಲ. ಮಧ್ಯಾಹ್ನ ಅವರ ಮುಂದೆಯೇ ನನ್ನ ಕಕ್ಷಿದಾರನ ಮೊಕದ್ದಮೆ ಬಂತು. ಇನ್ನು ನನಗೇನು ಭಯ ಎಂದು ಧೈರ್ಯದಿಂದ ಎದ್ದು ನಿಂತೆ. ಎರಡನೆಯ ವಾಕ್ಯಕ್ಕೇ ಸಾಹೇಬರು ಆಕಳಿಸಿದರು.