ಹತ್ತು ಹೆಣ್ಣು, ಒಬ್ಬ ಪೈಲ್ವಾನ್

ಶಹಾಬಾದಿನಲ್ಲಿ ನನ್ನ ಕಿವಿಗೆ ಇರುವಷ್ಟು ಮರ್ಯಾದೆ ನನಗೇ ಇಲ್ಲ! ನೆಲಕ್ಕೆ ಹಾಸುವ ಫರಸಿ ಕಲ್ಲಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ನನ್ನ ಕೆಲಸ ಒಂದೇ. ಕಲ್ಲನ್ನು ಸಣ್ಣ ಸುತ್ತಿಗೆಯಿಂದ ತಟ್ಟಬೇಕು, ಕೇಳಬೇಕು. ಠಣ್ ಎಂದರೆ ಗಟ್ಟಿ, ದಪ್ ಎಂದರೆ ಒಳಗೆ ಬಿರುಕು. ಮಾಲೀಕರು ಕೂಡ "ದೇವಿಂದ್ರಪ್ಪನ ಕಿವಿ ಏನಂತದ?" ಎಂದು ವಿಚಾರಿಸಿಯೇ ಲಾರಿ ತುಂಬಿಸುತ್ತಾರೆ. ಕಲ್ಲಿನ ಹೊಟ್ಟೆಯೊಳಗಿನ ಗುಟ್ಟು ಬಲ್ಲವನಿಗೆ ಕೋಳಿಮರಿ ಯಾವ ಲೆಕ್ಕ ಅಂದುಕೊಂಡೆ ನೋಡಿ, ಅಲ್ಲಿಂದಲೇ ನನ್ನ ಗ್ರಹಚಾರ ಶುರುವಾಯಿತು.

ಮಗಳು ಪೂನಮ್‌ಳನ್ನು ಚಿಂಚೋಳಿ ಕಡೆ ಐನಾಪುರಕ್ಕೆ ಕೊಟ್ಟಿದ್ದೇವೆ. ಅವಳಿಗೆ ಎರಡು ತಿಂಗಳು ಎಂಬ ಸಿಹಿಸುದ್ದಿ ಫೋನಿನಲ್ಲಿ ಬಂತು. ಅದರ ಬೆನ್ನಿಗೇ ಬೀಗತಿಯ ದನಿಯೂ ಬಂತು.

"ಬೀಗರ, ಬಾಣಂತನ ಇಲ್ಲೇ ಮಾಡೋಣೇನ್ರಿ? ನಮ್ಮಲ್ಲಿ ಕೋಳಿ ಅವ, ದಿನಾ ಮನಿ ತತ್ತಿ ಸಿಗ್ತದ. ನಿಮ್ಮಲ್ಲಿ ಅಂಗಡಿ ತತ್ತಿನೇ ಗತಿ ನೋಡ್ರಿ."

ಚೊಚ್ಚಲ ಬಾಣಂತನ ತವರುಮನೆ ಬಿಟ್ಟು ಅತ್ತೆಮನೆಯಲ್ಲೇ? ಹೆಂಡತಿ ಯಂಕಮ್ಮನ ಕಣ್ಣು ತುಂಬಿ ಬಂತು. ಮೊಮ್ಮಗುವಿಗೆ ತನ್ನ ಕೈಯಾರೆ ಎಣ್ಣೆ ತಿಕ್ಕಿ ನೀರು ಹಾಕಬೇಕೆಂದು ಅವಳು ಮಗಳ ಮದುವೆಯ ದಿನದಿಂದ ಕಾಯುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಬೀಗತೇರ, ಏಳನೇ ತಿಂಗಳಿಗೆ ನೀವೇ ಪೂನಮ್‌ನ ಕರ್ಕೊಂಡು ಬರ್ರಿ. ನಮ್ಮ ಅಂಗಳದಾಗ ಹತ್ತು ಕೋಳಿ ತತ್ತಿ ಇಡಾಕತ್ತಿರ್ಲಿಲ್ಲಂದ್ರ, ಹಂಗೇ ವಾಪಸ್ ಕರ್ಕೊಂಡು ಹೋಗ್ರಿ!"

ಫೋನ್ ಇಟ್ಟ ಕೂಡಲೇ ಯಂಕಮ್ಮ ಕೇಳಿದಳು, "ಹತ್ತು ಅಂತ ಯಾಕಂದ್ರಿ? ಎರಡು ಅಂದಿದ್ರ ಸಾಕಿತ್ತಲ್ಲ?"

"ಮಾತು ಕೊಟ್ರ ದೊಡ್ಡದಾಗೇ ಕೊಡಬೇಕು!"

ಮುಂದಿನ ಭಾನುವಾರವೇ ಮರಿ ಮಾರುವ ಚಾಂದ್ ಮೋಟರ್ ಸೈಕಲ್ಲಿಗೆ ಬುಟ್ಟಿ ಕಟ್ಟಿಕೊಂಡು ನಮ್ಮ ಓಣಿಗೆ ಬಂದ. ಬುಟ್ಟಿಯ ತುಂಬ ಕೆಂಪು, ಹಸಿರು, ಗುಲಾಬಿ ಬಣ್ಣ ಹಚ್ಚಿಸಿಕೊಂಡ ಅರವತ್ತು ಮರಿಗಳು. ಹೋಳಿ ಆಡಿ ಬಂದವರ ಹಾಗಿದ್ದವು.

"ಏನ್ರಿ, ಬಾಜು ಮನಿ ಅಖ್ತರ ಬೇಗಂಗ ಕರೀತೀನಿ. ಆಕಿ ಸಣ್ಣಾಕಿದ್ದಾಗಿಂದ ಕೋಳಿ ಸಾಕ್ಯಾಳ. ಗಂಡು ಹೆಣ್ಣು ಗೊತ್ತಾಗ್ತದ," ಎಂದಳು ಯಂಕಮ್ಮ.

"ಯಾರಿಗೂ ಕರೀಬ್ಯಾಡ. ನನ್ನ ಕಿವಿ ಅದ."

"ಆ ಕಿವಿನಾ? ಇಪ್ಪತ್ತೈದು ವರ್ಷ ಆತು, ನಾ ಕರೆದದ್ದು ಒಮ್ಮಿನೂ ಕೇಳ್ಸಿಲ್ಲ ಅದಕ್ಕ!"

ನಾನು ಅದನ್ನೂ ಕೇಳಿಸಿಕೊಳ್ಳಲಿಲ್ಲ. ನನ್ನ ಶಾಸ್ತ್ರ ಸರಳವಾಗಿತ್ತು. ಸಣ್ಣ ದನಿಯಾದರೆ ಹೆಣ್ಣು, ದಪ್ಪ ದನಿಯಾದರೆ ಗಂಡು! ಒಂದೊಂದೇ ಮರಿಯನ್ನು ಎತ್ತಿ ಕಿವಿಗೆ ಹಿಡಿದೆ. ಓಣಿಯ ಮಂದಿಯೆಲ್ಲ ಸೇರಿದರು. ಒಂದು ಮರಿ ಕಿವಿಯ ಹಾಲೆಯನ್ನು ಕುಕ್ಕಿತು, ಇನ್ನೊಂದು ಹೆಗಲ ಮೇಲೆ ತನ್ನ ಕೆಲಸ ಮುಗಿಸಿತು. ನಾನು ಜಗ್ಗಲಿಲ್ಲ.

"ಸಾಹೇಬ್ರ, ಒಂದು ಮಾತು ಹೇಳ್ಲೇನ್ರಿ?" ಎಂದ ಚಾಂದ್.

"ಶ್! ಸುಮ್ಮನಿರೋ, ಕೇಳಾಕತ್ತೀನಿ!"

"ಅಲ್ರಿ, ಈ ಮರಿ ಏನವ ಅಲ್ರಿ..."

"ಸುಮ್ಮನಿರು ಅಂದೆ!"

ಅವನು ಬಾಯಿ ಮುಚ್ಚಿಕೊಂಡ. ಒಂದು ತಾಸಿನ ತಪಸ್ಸಿನ ನಂತರ ಹತ್ತು ಹೆಣ್ಣು ಆರಿಸಿದೆ. ಜೊತೆಗೆ ದಪ್ಪ ದನಿಯ ಒಂದು ಗಂಡನ್ನೂ ಎತ್ತಿಕೊಂಡು, ಅದಕ್ಕೆ ಪೈಲ್ವಾನ್ ಎಂದು ಅಲ್ಲೇ ನಾಮಕರಣ ಮಾಡಿದೆ.

ಜೋಳದ ನುಚ್ಚು ತಿಂದು ಹನ್ನೊಂದೂ ಬೆಳೆದವು. ಮೈಮೇಲಿನ ಬಣ್ಣ ಹೋಗಿ ಬಿಳಿ ಪುಕ್ಕ ಬಂತು. ಅವಕ್ಕೆ ಮೂರು ತಿಂಗಳಾಗುವಷ್ಟರಲ್ಲಿ ನನ್ನ ಹತ್ತೂ ಹೆಣ್ಣುಗಳ ತಲೆಯ ಮೇಲೆ ಕೆಂಪು ಜುಟ್ಟು ಎದ್ದು ನಿಂತವು. ಪೈಲ್ವಾನ್ ಮಾತ್ರ ಬಡಕಲು. ಅಖ್ತರ ಬೇಗಂ ಗೋಡೆಯ ಆಚೆಯಿಂದ ಇಣುಕಿ, "ಭಾಯ್, ಇವು ಹುಂಜ ಆದಂಗ ಕಾಣಸ್ತಾವ," ಎಂದರು.

"ನೀವು ಕಣ್ಣಿಂದ ನೋಡಾಕತ್ತೀರಿ, ಬೇಗಂ. ನಾ ಕಿವಿಯಿಂದ ಕೇಳೀನಿ!"

ಆ ಕಿವಿಗೇ ಒಂದು ಮುಂಜಾನೆ "ಕೊಕ್ಕೊಕ್ಕೋ" ಬಿತ್ತು. "ನೋಡು, ಪೈಲ್ವಾನ್ ಗಂಟಲು ಬಿಟ್ಟ!" ಎಂದು ಹೆಂಡತಿಯನ್ನು ಎಬ್ಬಿಸಿದೆ. ಮತ್ತೊಂದು ಕೊಕ್ಕೊಕ್ಕೋ. ಆಮೇಲೆ ಮೂರನೆಯದು, ನಾಲ್ಕನೆಯದು. ಅಂಗಳಕ್ಕೆ ಓಡಿ ನೋಡುತ್ತೇನೆ, ನನ್ನ ಹತ್ತು ಹೆಣ್ಣುಗಳು ಸಾಲಾಗಿ ಗೋಡೆ ಏರಿ ಎದೆ ಉಬ್ಬಿಸಿ ಕೂಗುತ್ತಿವೆ! ಪೈಲ್ವಾನ್ ಒಂದು ಮೂಲೆಯಲ್ಲಿ ಗಪ್ಪಗೆ ಕುಳಿತಿದ್ದಾನೆ.

ಅಂದೇ ಚಾಂದ್‌ನನ್ನು ವಾಡಿ ಸಂತೆಯಲ್ಲಿ ಹುಡುಕಿ ಹಿಡಿದೆ.

"ನಾ ಅದನ್ನೇ ಹೇಳಾಕ ಬಂದಿದ್ದೆ, ಸಾಹೇಬ್ರ," ಎಂದ ಪಾಪದವನು. "ಫಾರಂನಾಗ ತತ್ತಿ ಇಡೋ ಹೆಣ್ಣು ಆರಿಸಿ ತಾವೇ ಇಟ್ಕೋತಾರ. ಉಳಿದ ಗಂಡಿಗೆ ಬಣ್ಣ ಹಚ್ಚಿ ನಮಗ ಕೊಡ್ತಾರ. ಅರವತ್ತೂ ಗಂಡೇ ಇದ್ವು. ಎಲ್ಲೋ ಅಪರೂಪಕ್ಕ ಒಂದು ಹೆಣ್ಣು ತಪ್ಪಿ ಬರ್ತದ, ಅದು ಸಿಕ್ರ ನಸೀಬು. ನೀವು ಸುಮ್ಮನಿರು ಅಂದ್ರಿ, ನಾ ಸುಮ್ಮನಾದೆ."

ಮನೆಗೆ ಬಂದು ಯಂಕಮ್ಮನ ಮುಖ ನೋಡಲು ಧೈರ್ಯವಾಗಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಕೂಸಿಗೆಂದು ಹೊಲಿಯುತ್ತಿದ್ದ ಕೌದಿಯನ್ನು ಮಡಚಿ ಟ್ರಂಕಿನೊಳಗೆ ಇಟ್ಟಳು.

ಏಳನೇ ತಿಂಗಳೂ ಬಂತು, ಪೂನಮ್‌ಳನ್ನು ಕರೆದುಕೊಂಡು ಬೀಗತಿಯೂ ಬಂದರು! ನಾನು ಹತ್ತು ಹುಂಜಗಳನ್ನು ಹತ್ತು ಬುಟ್ಟಿಗಳ ಕೆಳಗೆ ಮುಚ್ಚಿ, ಒಂದೊಂದರ ಮೇಲೂ ಒಂದು ಫರಸಿ ತುಂಡು ಹೇರಿದ್ದೆ.

"ಎಲ್ರಿ ಬೀಗರ, ನಿಮ್ಮ ಕೋಳಿ?"

"ಬಿಸಿಲಿಗೆ ಮಲಗ್ಯಾವ್ರಿ. ನೀವು ಕುಂದ್ರಿ, ಚಹಾ ಕುಡೀರಿ."

ಆಗಲೇ ಒಂದು ಬುಟ್ಟಿ ಕೂಗಿತು. ಕೂಡಲೇ ಉಳಿದ ಒಂಬತ್ತೂ ಕೂಗಿದವು! ಬೀಗತಿ ಎದ್ದು ಹೋಗಿ ಒಂದು ಬುಟ್ಟಿ ಎತ್ತಿದರು, ಇನ್ನೊಂದು ಎತ್ತಿದರು.

"ಇವು ತತ್ತಿ ಇಡ್ತಾವೇನ್ರಿ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸುಳ್ಳು ಸಾಕಾಗಿ ಎಲ್ಲವನ್ನೂ ಒಪ್ಪಿಕೊಂಡೆ. ಕಿವಿ, ಚಾಂದ್, ಸಣ್ಣ ದನಿ, ದಪ್ಪ ದನಿ, ಎಲ್ಲ. ಬೀಗತಿ ಸೆರಗು ಬಾಯಿಗೆ ಹಿಡಿದರು. ಪೂನಮ್ ನೆಲ ನೋಡುತ್ತ ನಿಂತಳು.

ಆಗ ಯಂಕಮ್ಮ ಒಳಗಿನಿಂದ ಜೋಳದ ಗಡಿಗೆ ಎತ್ತಿಕೊಂಡು ಬಂದು ಬೀಗತಿಯ ಮುಂದಿಟ್ಟಳು. ಜೋಳದೊಳಗೆ ಒಂಬತ್ತು ಬಿಳಿ ತತ್ತಿಗಳು!

"ಪೈಲ್ವಾನ್ ಇಟ್ಟದ್ರಿ," ಎಂದಳು.

"ಯಾರು? ಪೈಲ್ವಾನಾ?" ನಾನು ಕೂಗಿಯೇಬಿಟ್ಟೆ. "ಮತ್ತ ನನಗ್ಯಾಕ ಹೇಳ್ಲಿಲ್ಲ?"

"ಹೇಳಿದ್ರ, ಇದೂ ನನ್ನ ಕಿವಿ ಪವಾಡನೇ ಅಂತ ಓಣಿ ತುಂಬ ಸಾರ್ತಿದ್ರಿ!" ಎಂದು ನನ್ನತ್ತ ಕಣ್ಣು ಬಿಟ್ಟು, ಬೀಗತಿಯ ಕಡೆ ತಿರುಗಿದಳು. "ಬೀಗತೇರ, ಬಾಣಂತಿ ಒಬ್ಬಾಕಿ, ತತ್ತಿ ದಿನಕ್ಕೊಂದು. ಸಾಕಲ್ರಿ? ಬಂದ ಬೀಗರ ಸಾರಿಗೆ ಹತ್ತು ಹುಂಜ ಹ್ಯಾಂಗೂ ಅವ."

ಬೀಗತಿ ನಕ್ಕರು ನೋಡಿ! ಅಖ್ತರ ಬೇಗಂ ಗೋಡೆಯ ಆಚೆಯಿಂದ ಏನಾಯಿತೆಂದು ಕೇಳುವಷ್ಟು ನಕ್ಕರು. ಕಣ್ಣೊರೆಸಿಕೊಂಡು ಯಂಕಮ್ಮನ ಕೈ ಹಿಡಿದರು.

"ಬಾಣಂತನ ಇಲ್ಲೇ ಆಗ್ಲಿ. ಆದ್ರ ನಂದೊಂದು ಷರತ್ತು ಅದ. ಕೂಸು ಅತ್ರ, ಹಸಿವಿಗೋ ಹೊಟ್ಟಿ ನೋವಿಗೋ ಅಂತ ಬೀಗರ ಕಿವಿಗೆ ಮಾತ್ರ ಹಿಡೀಬ್ಯಾಡ್ರಿ!"