ಜೋಡಿ ಲೆಕ್ಕ ಮತ್ತು ನಮ್ಮ ಬಾವಿಯ ಪಾಳಿ

ಚಿಕ್ಕೋಡಿಯ ಡಿಗ್ರಿ ಕಾಲೇಜೊಂದರಲ್ಲಿ ನಾನು ಗಣಿತ ಕಲಿಸುತ್ತೇನೆ. ಡೈರೆಕ್ಟ್ ಪ್ರಾಡಕ್ಟ್ ಪಾಠ ಬಂತೆಂದರೆ ಪ್ರತಿ ವರ್ಷ ಏನಾದರೊಂದು ಆಗಿಯೇ ಆಗುತ್ತದೆ, ನನ್ನ ತಲೆ ಕೆಟ್ಟೇ ಕೆಡುತ್ತದೆ. ಸಿಟ್ಟು ನನಗೆ ಮೊದಲೇ ಮೂಗಿನ ತುದಿಯಲ್ಲಿ. ಅದೇ ಸಿಟ್ಟಿನಲ್ಲಿ ಅಂಕಲಿ ಊರಲ್ಲಿರುವ ನನ್ನ ಸ್ವಂತ ಅಣ್ಣನ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು.

ಎರಡು ಒಲೆ

ಪಾಠ ಇಷ್ಟೇ. ಎರಡು ಗ್ರೂಪಿನಿಂದ, ಅಂದರೆ ಎರಡು ಅಂಕಿಗುಂಪಿನಿಂದ, ಒಬ್ಬೊಬ್ಬ ಸದಸ್ಯನನ್ನು ತಂದು ಜೋಡಿ ಮಾಡಬೇಕು. ಜೋಡಿಗೆ ಜೋಡಿ ಕೂಡಿಸುವಾಗ ಮೊದಲನೆಯದು ಮೊದಲನೆಯದರ ಜೊತೆ, ಎರಡನೆಯದು ಎರಡನೆಯದರ ಜೊತೆ. ಒಂದರ ಕೆಲಸದಲ್ಲಿ ಇನ್ನೊಂದು ಕೈ ಹಾಕಬಾರದು. ಮೂರು ದಿನ ಗಂಟಲು ಹರಿದುಕೊಂಡ ಮೇಲೆ ಕರೋಶಿಯ ಹುಡುಗನೊಬ್ಬ ಬೋರ್ಡಿಗೆ ಬಂದು ನಾಲ್ಕೂ ಅಂಕಿ ಕೂಡಿಸಿ ಒಂದೇ ಉತ್ತರ ಬರೆದ. ಸೀಮೆಸುಣ್ಣ ಎಸೆದೆ. ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ಒಲೆ ಬೇರೆ ಮಾಡಿಕೊಂಡ ಹಾಗೆ, ಇವನ್ನು ಕೂಡಿಸಬಾರದು ಎಂದು ಕೂಗಿದೆ.

ಅವನು ತಲೆ ಕೆರೆದುಕೊಂಡ. "ಸರ್, ನಮ್ಮ ಮನ್ಯಾಗ ಆ ಒಲಿಗೋಳನ್ನ ಕೂಡಸಾಕಂತನ ಇವತ್ತ ಹಿರ್ಯಾರು ಬಂದ ಕುಂತಾರ್ರಿ."

ಏನೂ ಮಾಡದ ಜೋಡಿ

ಮರುವಾರ ಐಡೆಂಟಿಟಿ. ಯಾರ ಜೊತೆ ಸೇರಿದರೂ ಅವರನ್ನು ಇದ್ದ ಹಾಗೇ ಬಿಡುವ ಸದಸ್ಯ ಅದು. ಜೋಡಿಯಲ್ಲಿ ಎರಡೂ ಕಡೆ ಅಂಥದ್ದೇ ಇರಬೇಕು. ಉದಾಹರಣೆ ಕೊಡು ಎಂದು ನಿಪ್ಪಾಣಿಯ ಹುಡುಗಿಯನ್ನು ಎಬ್ಬಿಸಿದೆ.

"ನೀವು ಮತ್ತ ನಮ್ಮ ಪಪ್ಪಾ, ಸರ್. ಇಬ್ರೂ ಕೂಡಿ ಬೈದ್ರೂ ನಾ ಇದ್ದಂಗ ಇರ್ತೇನ್ರಿ."

ಹೊರಗೆ ಕಳಿಸಿದೆ. ಮೈಯೆಲ್ಲ ಉರಿಯಿತು, ಯಾಕೆಂದರೆ ಉತ್ತರ ಸರಿಯಿತ್ತು.

ಬಾವಿಯ ಪಾಳಿ

ಅಣ್ಣನ ಮೇಲಿನ ಸಿಟ್ಟಿಗೆ ಕಾರಣ ನೀರು. ಅಂಕಲಿಯ ಹೊಲದಲ್ಲಿ ನಮ್ಮಿಬ್ಬರಿಗೆ ಬಾವಿ ಒಂದೇ. ಒಂದು ವಾರ ಅವನ ಕಬ್ಬಿಗೆ, ಒಂದು ವಾರ ನನ್ನ ಕಬ್ಬಿಗೆ. ಪಂಪಿನ ಕರೆಂಟು ಒಂದು ವಾರ ಹಗಲು, ಒಂದು ವಾರ ರಾತ್ರಿ. ಅವನ ಪಾಳಿಗೆ ಸದಾ ಹಗಲು, ನನ್ನ ಪಾಳಿಗೆ ಸದಾ ರಾತ್ರಿ! ವಾರ ಬಿಟ್ಟು ವಾರ ಹೊಲದಲ್ಲಿ ನಿದ್ದೆಗೆಟ್ಟು ಕ್ಲಾಸಿಗೆ ಬರುತ್ತಿದ್ದೆ. ಅಣ್ಣ ಲೈನ್‌ಮನ್‌ನನ್ನು ಬುಟ್ಟಿಗೆ ಹಾಕಿಕೊಂಡಿದ್ದಾನೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

ಆ ದಿನದ ಪಾಠ, ಇಬ್ಬಿಬ್ಬರೇ ಸದಸ್ಯರಿರುವ ಎರಡು ಗ್ರೂಪು. ಒಟ್ಟು ನಾಲ್ಕು ಜೋಡಿ. ಆದರೆ ಎರಡೂ ಒಟ್ಟಿಗೆ ಬದಲಾಗುತ್ತ ಹೋದರೆ ಎರಡೇ ಹೆಜ್ಜೆಗೆ ಹೊರಟಲ್ಲಿಗೇ ವಾಪಸ್, ಉಳಿದೆರಡು ಜೋಡಿ ಎಂದೂ ಬರುವುದಿಲ್ಲ. ಯಾರ ತಲೆಗೂ ಹತ್ತಲಿಲ್ಲ. ಇಷ್ಟು ಸರಳ ಲೆಕ್ಕ ತಿಳಿಯದವರು ಕಾಲೇಜಿಗೆ ಯಾಕೆ ಬರುತ್ತೀರಿ ಎಂದು ಮೇಜು ಗುದ್ದಿದೆ. ರಾಯಬಾಗದ ಹುಡುಗಿಯೊಬ್ಬಳು ಮೆಲ್ಲಗೆ ಎದ್ದಳು.

"ಸರ್, ನಮ್ಮ ಕಡೆ ಒಂದ ವಾರ ಹಗಲ ಕರೆಂಟ, ಒಂದ ವಾರ ರಾತ್ರಿ. ಒಂದ ವಾರ ಅಣ್ಣನ ನೀರ, ಒಂದ ವಾರ ತಮ್ಮಂದು. ತಮ್ಮಗ ಯಾವತ್ತೂ ಹಗಲ ಬರೂದಿಲ್ಲ. ಹಿಂಗ ಹೌದಲ್ರಿ?"

ಸೀಮೆಸುಣ್ಣ ಕೈಯಲ್ಲೇ ಉಳಿಯಿತು. ಇಪ್ಪತ್ತು ವರ್ಷ ಕಲಿಸಿದ ಪಾಠ ನನಗೇ ತಿಳಿದಿರಲಿಲ್ಲ. ಬೈಸಿಕೊಳ್ಳಬೇಕಾದವನು ನಾನೊಬ್ಬನೇ ಉಳಿದಿದ್ದೆ.

ಸಂಜೆ ಬಸ್ಸು ಹಿಡಿದು ಅಂಕಲಿಗೆ ಹೋದೆ. ಯಾರದೂ ತಪ್ಪಿಲ್ಲ, ಎರಡೆರಡು ವಾರದ ಪಾಳಿ ಮಾಡಿದರೆ ಇಬ್ಬರಿಗೂ ಹಗಲು ಸಿಗುತ್ತದೆ ಎಂದು ಅಣ್ಣನಿಗೆ ಬಿಡಿಸಿ ಹೇಳಿದೆ. ಏಳನೇ ಇಯತ್ತೆಗೇ ಶಾಲೆ ಬಿಟ್ಟ ಅಣ್ಣ ಪೂರ್ತಿ ಕೇಳಿಸಿಕೊಂಡ.

"ಇದನ್ನ ಹೇಳಾಕಂತನ ನಾ ಎರಡ ವರ್ಷದ ಹಿಂದ ನಿನ್ನ ಮನಿಗೆ ಬಂದಿದ್ನಲ್ಲೋ ತಮ್ಮಾ," ಎಂದ. "'ನನಗ ಗಣಿತಾ ಕಲಸಾಕ ಬಂದಿಯೇನು' ಅಂದ ಬಾಗಲಾ ಹಾಕ್ಕೊಂಡಿ."