ಕೋರಂ ಕೂಡಿದ ದಿನ

ಗ್ರಾಮಸಭೆ ಅಂದಮೇಲೆ ನಗು ಬರುವಂಥದ್ದು ಏನಾದರೊಂದು ಆಗದೆ ಬಿಡುವುದಿಲ್ಲ. ನಗುವ ಮನಸ್ಸು ಮಾತ್ರ ಈಚೆಗೆ ನನಗಿಲ್ಲ.

ಪಂಚಾಯಿತಿ ಕಾರ್ಯದರ್ಶಿಯಾಗಿ ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಸುತ್ತಿ ಈಗ ಮುದ್ದೇಬಿಹಾಳ ಕಡೆಯ ಒಂದೂರಿನಲ್ಲಿದ್ದೇನೆ. ಇಲ್ಲಿ ಮೇಲಿನ ಓಣಿಗೆ ನೀರಿನ ನಳ ಇಲ್ಲ. ಆ ಓಣಿಯ ಮುದುಕಿಯೊಬ್ಬಳು, ಎಲ್ಲರೂ ಆಯಿ ಅನ್ನುತ್ತಾರೆ, ನೋಯುವ ಮೊಣಕಾಲಲ್ಲೇ ಊರ ಬಾಗಿಲಾದ ಅಗಸಿಯಿಂದ ನೀರಿನ ಕೊಡ ಹೊರುತ್ತಾಳೆ. ನಳ ಬರಬೇಕಾದರೆ ಗ್ರಾಮಸಭೆಯಲ್ಲಿ ಠರಾವು ಆಗಬೇಕು. ಠರಾವಿಗೆ ಕೋರಂ ಬೇಕು, ಅಂದರೆ ನಿಯಮದಷ್ಟು ಜನ ಬಂದು ಹಾಜರಿ ಪುಸ್ತಕದಲ್ಲಿ ಸಹಿ ಮಾಡಬೇಕು. ಪ್ರತಿ ಸಭೆಗೂ ತಪ್ಪದೆ ಬರುವವಳು ಆಯಿ ಒಬ್ಬಳೇ.

ಗ್ರೂಪಿನ ನಿಯಮ

ಊರಿನ ವಾಟ್ಸಾಪ್ ಗ್ರೂಪಿನ ಹೆಸರು 'ನಮ್ಮೂರ ಅಭಿವೃದ್ಧಿ'. ಕಿರಾಣಿ ಅಂಗಡಿಯವರು ಅಡ್ಮಿನ್. ಡಂಗುರ ಸಾರಿಸುವುದನ್ನು ಬಿಟ್ಟು ಸಭೆಯ ನೋಟಿಸನ್ನು ಅದರಲ್ಲೇ ಹಾಕಿದೆ. ಹೆಬ್ಬೆರಳು ಎತ್ತಿದ ಚಿತ್ರಗಳು ಸಾಲುಗಟ್ಟಿ ಬಂದವು. ಪುಣೆಯಲ್ಲಿ ದುಡಿಯುವವನೊಬ್ಬ ಊರಿಗಾಗಿ ಪ್ರಾಣ ಕೊಡುತ್ತೇನೆಂದು ಬರೆದ. ಸಭೆಗೆ ಬಂದವರು ಏಳು ಜನ.

ಸಿಟ್ಟು ನೆತ್ತಿಗೇರಿತು. ಮರುದಿನ ಗ್ರೂಪಿನಲ್ಲೇ ನಾಲ್ಕು ಬಿರುಸು ಮಾತು ಹಾಕಿದೆ. ಅರ್ಧ ತಾಸಿನಲ್ಲಿ ನನ್ನನ್ನೇ ಹೊರಗೆ ಹಾಕಿದರು. ಅಂಗಡಿಗೆ ಹೋಗಿ ಯಾಕೆಂದು ಕೇಳಿದೆ.

"ಏನ್ ಮಾಡೂದ್ರಿ ಸಾಹೇಬ್ರ," ಅಂದರು ಅಡ್ಮಿನ್, ಬೆಲ್ಲ ತೂಗುತ್ತಲೇ. "ಊರಿನ ತಕರಾರು ಹಾಕಿದ್ರ ಗ್ರೂಪ್ ಕೆಡತೈತ್ರಿ. ಬರೇ ಅಭಿವೃದ್ಧಿ ಅಷ್ಟ ಇಟ್ಟೇವ್ರಿ."

ನೇರ ಪ್ರಸಾರ

ಮುಂದಿನ ಸಭೆಯನ್ನು ಲೈವ್ ಮಾಡಿದರೆ ಜನಕ್ಕೆ ಹುರುಪು ಬರುತ್ತದೆ ಎಂದು ಪಂಚಾಯಿತಿ ಸದಸ್ಯರೊಬ್ಬರು ಹೇಳಿದರು. ಹುರುಪೇನೋ ಬಂತು. ಸಮುದಾಯ ಭವನ ಅರ್ಧಕ್ಕಿಂತ ಹೆಚ್ಚು ತುಂಬಿತು. ಆದರೆ ಎಲ್ಲರೂ ತಲೆ ಬಗ್ಗಿಸಿ, ತಾವು ಕುಳಿತ ಭವನವನ್ನೇ ತಮ್ಮ ಫೋನಿನಲ್ಲಿ ನೋಡುತ್ತಿದ್ದರು. ಒಬ್ಬರು ಅದರಲ್ಲಿ ನೋಡಿಕೊಂಡೇ ಕೂದಲು ಬಾಚಿದರು. ಸಹಿ ಕೊನೆಗೆ ಮಾಡಿಸಿದರಾಯಿತು ಅಂದುಕೊಂಡದ್ದು ನನ್ನ ದಡ್ಡತನ. ನಳದ ವಿಷಯ ಎತ್ತುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಒಬ್ಬೊಬ್ಬರಾಗಿ ಎದ್ದು ಚಪ್ಪಲಿ ಹುಡುಕತೊಡಗಿದರು.

"ಎಲ್ಲಿಗ್ರಿ? ಸಭಾ ಇನ್ನೂ ಮುಗಿದಿಲ್ಲ," ಅಂದೆ.

"ಲೈವ್ ಬಂದ್ ಆತಲ್ರಿ," ಅಂದರು ಅದೇ ಸದಸ್ಯರು. "ಉಳಿದದ್ದು ರೆಕಾರ್ಡಿಂಗ್‌ನ್ಯಾಗ ನೋಡ್ತೇವಿ."

ಕೊನೆಗೆ ಆಯಿ ಒಬ್ಬಳೇ ಉಳಿದಳು. ಆಕೆಯ ಹತ್ತಿರ ಫೋನ್ ಇರಲಿಲ್ಲ.

ಸರ್ವಾನುಮತ

ಅದರ ಮುಂದಿನ ಸಭೆಗೆ ಜನ ಕಿಟಕಿಗೂ ಜೋತುಬಿದ್ದಿದ್ದರು. ನನಗೆ ಕಣ್ಣು ತುಂಬಿ ಬಂತು. ಈ ಸಲ ಬಾಗಿಲಲ್ಲೇ ಸಹಿ ಮಾಡಿಸಿದೆ. ಕೋರಂ ಕೂಡಿತು.

"ಮೇಲಿನ ಓಣಿಗೆ ನಳ ಹಾಕೂದು. ಒಪ್ಪಿಗಿ ಇದ್ದವರು ಕೈ ಎತ್ರಿ," ಅಂದೆ. ಎಲ್ಲರೂ ಎತ್ತಿದರು. ಕೆಲವರು ಎರಡೂ ಕೈ ಎತ್ತಿ, "ಮನ್ಯಾಕಿದೂ ಲೆಕ್ಕಕ್ಕ ಹಿಡೀರಿ," ಅಂದರು. ಸರ್ವಾನುಮತ ಎಂದು ದೊಡ್ಡದಾಗಿ ಬರೆದೆ. ಆಯಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಆಗ ಕಿರಾಣಿ ಅಂಗಡಿಯವರು ಎದ್ದು ನಿಂತರು. "ನಂಬರ್ ಯಾವಾಗ ಬರ್ಕೋತೀರಿ?"

"ಯಾವ ನಂಬರ್ರಿ?"

ಫೋನ್ ತೋರಿಸಿದರು. ಗ್ರಾಮಸಭೆಗೆ ಬಂದವರಿಗೆ ಮೂರು ತಿಂಗಳ ರೀಚಾರ್ಜ್ ಉಚಿತವೆಂದು ಗ್ರೂಪಿನಲ್ಲಿ ಬಂದಿತ್ತಂತೆ. ನಾನು ಗ್ರೂಪಿನಲ್ಲಿ ಇಲ್ಲವಲ್ಲ. ಅಂಥದ್ದೇನೂ ಇಲ್ಲ, ಅದು ಸುಳ್ಳು ಎಂದುಬಿಟ್ಟೆ.

"ಹಂಗಾರ ನಮ್ಮ ಸಹಿ ನಾವು ಹೊಡದ ಹಾಕ್ತೇವಿ," ಅಂದರು. ಪಾಳಿ ಹಚ್ಚಿ ಸಾಲಾಗಿ ನಿಂತು, ಒಬ್ಬೊಬ್ಬರೂ ತಮ್ಮ ಹೆಸರು ಹುಡುಕಿ ಗೆರೆ ಎಳೆದು ಹೋದರು. ಅಷ್ಟು ಶಿಸ್ತಿನ ಪಾಳಿಯನ್ನು ನಾನು ಮತದಾನದ ದಿನವೂ ಕಂಡಿಲ್ಲ. ಪುಸ್ತಕದಲ್ಲಿ ಕೊನೆಗೆ ಉಳಿದದ್ದು ಆಯಿಯ ಹೆಬ್ಬೆಟ್ಟು ಒಂದೇ.

ಆಕೆಯ ಮುಖ ನೋಡಲು ನನಗೆ ನಾಚಿಕೆಯಾಯಿತು. "ಆಯಿ, ಕೋರಂ ಹೋತು," ಅಂದೆ.

ಆಯಿ ಮೊಣಕಾಲು ಹಿಡಿದುಕೊಂಡು ಎದ್ದಳು. "ಇರಲಿ ಬಿಡ್ರಿ ಸಾಹೇಬ್ರ. ಮೊಮ್ಮಗಳಿಗೆ ಹೇಳಿ ಗ್ರೂಪಿನ್ಯಾಗ ಮೂರ್ ತಿಂಗಳದ್ದು ಹಾಕ್ಸಿದ್ದೆ. ಮುಂದಿನ ಸಲ ವರ್ಷದ್ದು ಹಾಕ್ಸತೇನಿ. ನೀವು ಮಾತ್ರ ಖರೇ ಹೇಳಾಕ ಹೋಗಬ್ಯಾಡ್ರಿ."